ವಿಶಾಖಪಟ್ಟಣದ ವೇಧಶಾಲೆಯೂ ಒಂದು ಕನ್ನಡ ಪುಸ್ತಿಕೆಯೂ: ಅಂಕಿತಂ ವೆಂಕಟ ನರಸಿಂಗರಾವ್ ಅವರ ಖಗೋಳ ಸಾಧನೆ

ದಕ್ಷಿಣ ಭಾರತದಲ್ಲಿ ಆಧುನಿಕ ಖಗೋಳ ವಿಜ್ಞಾನ ಬೆಳೆದು ಬಂದ ಬಗೆಯನ್ನು ನಿರೂಪಿಸುವ ಬರಹಗಳು ಸಾಮಾನ್ಯವಾಗಿ ಮದ್ರಾಸಿನ ವೇಧಶಾಲೆಯಿಂದ ಹೊರಟು, ಕೊಡೈಕನಾಲನ್ನು ಹಾದು, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ತಲುಪುತ್ತವೆ. ಇದು ಸರ್ಕಾರದ ಆಶ್ರಯದಲ್ಲಿ ಬೆಳೆದ ಸಂಸ್ಥೆಗಳ ಚರಿತ್ರೆ. ಇದರ ಪಕ್ಕದಲ್ಲಿಯೇ, ದೇಶೀಯರು ತಮ್ಮ ಸ್ವಂತ ಹಣದಿಂದ ಕಟ್ಟಿ ಮೂರು ತಲೆಮಾರು ನಡೆಸಿಕೊಂಡು ಬಂದ ವೇಧಶಾಲೆಯೊಂದು ವಿಶಾಖಪಟ್ಟಣದಲ್ಲಿತ್ತು. ಅದರ ಅತ್ಯಂತ ಫಲವತ್ತಾದ ಕಾಲಕ್ಕೆ ಕಾರಣರಾದವರು ಅಂಕಿತಂ ವೆಂಕಟ ನರಸಿಂಗರಾವ್ (೧೮೨೭–೧೮೯೨). ಇಂಗ್ಲಿಷ್ ದಾಖಲೆಗಳಲ್ಲಿ ಇವರು 'ನರ್ಸಿಂಗ್ ರೋ' ಎಂಬ ಹೆಸರಿನಿಂದ ಪರಿಚಿತರು.

ಕನ್ನಡ ಅಧ್ಯಯನ ಪೀಠದ ಪತ್ರಿಕೆಯಲ್ಲಿ ಆಂಧ್ರದ ಜ್ಯೋತಿರ್ವಿಜ್ಞಾನಿಯೊಬ್ಬರ ವಿಚಾರವೇಕೆ ಎಂಬ ಪ್ರಶ್ನೆ ಸಹಜ. ೧೮೭೪ರ ಡಿಸೆಂಬರ್ ೯ರಂದು ನರಸಿಂಗರಾವ್ ಅವರು ದೂರದರ್ಶಕದಲ್ಲಿ ನೋಡಿ ದಾಖಲಿಸಿದ ಆಕಾಶಘಟನೆಯನ್ನೇ ಜನರಿಗೆ ಮುಂಚಿತವಾಗಿ ತಿಳಿಸಿಕೊಡಲು ಮದ್ರಾಸಿನಲ್ಲಿ ಒಂದು ಪುಸ್ತಿಕೆ ಸಿದ್ಧವಾಯಿತು; ಅದು ಕನ್ನಡದಲ್ಲಿಯೂ ಪ್ರಕಟವಾಯಿತು. ಒಬ್ಬರ ಸಾಧನೆ ಲಂಡನ್ನಿನ ವಿದ್ವತ್ಪತ್ರಿಕೆಯಲ್ಲಿ ಉಳಿಯಿತು, ಇನ್ನೊಬ್ಬರ ಮಾತು ದೇಶಭಾಷೆಗಳಲ್ಲಿ ಉಳಿಯಿತು. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ, ವಿಜ್ಞಾನವು ಒಂದು ನೆಲದಲ್ಲಿ ಬೇರು ಬಿಡಲು ಉಪಕರಣ ಮತ್ತು ಹಣದ ಜೊತೆಗೆ ಭಾಷೆಯೂ ಏಕೆ ಬೇಕು ಎಂಬುದು ಸ್ಪಷ್ಟವಾಗುತ್ತದೆ.

೧. ವೇಧಶಾಲೆಯ ಹುಟ್ಟು

ಈ ವೇಧಶಾಲೆಯ ಸ್ಥಾಪಕರು ನರಸಿಂಗರಾವ್ ಅವರ ಮಾವ ಗೋಡೆ ವೆಂಕಟ ಜಗ್ಗರಾವ್. ಸಿರಿವಂತ ಜಮೀನುದಾರ ಮನೆತನಕ್ಕೆ ಸೇರಿದ ಇವರು ಮದ್ರಾಸಿಗೆ ಹೋಗಿ ಅಲ್ಲಿನ ವೇಧಶಾಲೆಯ ಮುಖ್ಯಸ್ಥ ಟಿ.ಜಿ. ಟೇಲರ್ ಅವರ ಬಳಿ ಖಗೋಳ ವಿಜ್ಞಾನವನ್ನು ಅಭ್ಯಾಸ ಮಾಡಿದರು. ಟೇಲರ್ ಸಾಮಾನ್ಯ ಗುರುವಲ್ಲ. ೧೧,೦೦೦ಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು ಅಳೆದು ೧೮೪೪ರಲ್ಲಿ ಮದ್ರಾಸಿನ ನಕ್ಷತ್ರಪಟ್ಟಿಯನ್ನು ಹೊರತಂದವರು ಅವರು. ಶಿಷ್ಯರಾದ ಜಗ್ಗರಾವ್ ಊರಿಗೆ ಮರಳಿ, ೧೮೪೦ರ ಸುಮಾರಿಗೆ ಡಾಬಾ ಗಾರ್ಡನ್ಸ್ ಎಂಬಲ್ಲಿನ ತಮ್ಮ ನಿವಾಸದಲ್ಲಿಯೇ ವೇಧಶಾಲೆಯನ್ನು ಸ್ಥಾಪಿಸಿದರು. ಅಲ್ಲಿದ್ದ ಮೊದಲ ಮುಖ್ಯ ದೂರದರ್ಶಕದ ಮಸೂರ ೪.೮ ಅಂಗುಲದ್ದು.

೧೮೫೬ರಲ್ಲಿ ಜಗ್ಗರಾವ್ ನಡುವಯಸ್ಸು ದಾಟುವ ಮೊದಲೇ ತೀರಿಕೊಂಡರು. ಅವರ ಮಗಳು ಅಚ್ಚಯ್ಯಮ್ಮನವರನ್ನು ವಿವಾಹವಾಗಿದ್ದ ನರಸಿಂಗರಾವ್ ಡೆಪ್ಯುಟಿ ಕಲೆಕ್ಟರ್ ಹುದ್ದೆಯಲ್ಲಿ ಸರ್ಕಾರಿ ಸೇವೆ ಸಲ್ಲಿಸಿದವರು. ವೇಧಶಾಲೆಯ ಹೊಣೆ ಅವರ ಪಾಲಿಗೆ ಬಂದಿತು. ಸಿರಿವಂತರ ಮನೆಗಳಲ್ಲಿ ಹಿರಿಯರ ಹವ್ಯಾಸದ ವಸ್ತುಗಳು ಅವರೊಡನೆಯೇ ಮೂಲೆಗೆ ಸೇರುವುದು ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ. ಅಳಿಯನು ಮಾವನ ಉಪಕರಣಗಳನ್ನು ಕಾಪಾಡಿದ್ದಷ್ಟೇ ಅಲ್ಲದೆ, ಮುಂದೆ ಇಂಗ್ಲೆಂಡಿನ ಯಾರ್ಕ್ ನಗರದ ಪ್ರಸಿದ್ಧ ತಯಾರಕರಾದ ಕುಕ್ ಅವರಿಂದ ೬ ಅಂಗುಲದ ದೂರದರ್ಶಕವೊಂದನ್ನು ತರಿಸಿ ವೇಧಶಾಲೆಯನ್ನು ಬಲಪಡಿಸಿದನು.

೨. ವೀಕ್ಷಕನ ವೃತ್ತಿ

ನರಸಿಂಗರಾವ್ ಅವರು ಕೈಗೊಂಡ ಕೆಲಸಗಳಲ್ಲಿ ಗ್ರಹಗಳು ಸೂರ್ಯಬಿಂಬವನ್ನು ಹಾದುಹೋಗುವ ಘಟನೆಗಳ ವೀಕ್ಷಣೆಗೆ ಮುಖ್ಯ ಸ್ಥಾನವಿದೆ. ೧೮೬೮ರ ನವೆಂಬರ್ ೫ರ ಬುಧ ಸಂಕ್ರಮಣ ಹಾಗೂ ೧೮೭೪ರ ಶುಕ್ರ ಸಂಕ್ರಮಣಗಳನ್ನು ನೋಡಿ, ತಮ್ಮ ಅಳತೆಗಳನ್ನು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಮಾಸಪತ್ರಿಕೆಗೆ ಕಳುಹಿಸಿದರು. ಆ ಸೊಸೈಟಿ ಅವರನ್ನು ತನ್ನ ಫೆಲೋ ಆಗಿ ಆಯ್ಕೆ ಮಾಡಿತು. ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಫೆಲೋ ಗೌರವವೂ ಅವರಿಗೆ ದೊರೆಯಿತು.

ಇಂತಹ ವೀಕ್ಷಣೆಯ ಬೆಲೆ ತಿಳಿಯಬೇಕಾದರೆ ಅದರ ತತ್ವವನ್ನು ಸ್ವಲ್ಪ ವಿವರಿಸಬೇಕು. ಭೂಮಿಗೂ ಸೂರ್ಯನಿಗೂ ನಡುವೆ ಶುಕ್ರಗ್ರಹ ನೇರವಾಗಿ ಬಂದಾಗ ಅದು ಸೂರ್ಯನ ಮೇಲೆ ಸಣ್ಣ ಕಪ್ಪು ಬೊಟ್ಟಿನಂತೆ ಸರಿದು ಹೋಗುತ್ತದೆ. ಭೂಮಿಯ ಬೇರೆ ಬೇರೆ ಸ್ಥಳಗಳಿಂದ ನೋಡುವವರಿಗೆ ಈ ಬೊಟ್ಟು ತುಸು ಬೇರೆ ಬೇರೆ ಹಾದಿಗಳಲ್ಲಿ ಸಾಗಿದಂತೆ ಕಾಣುತ್ತದೆ. ಅದು ಸೂರ್ಯನ ಅಂಚನ್ನು ಮುಟ್ಟುವ ಮತ್ತು ಬಿಡುವ ಕ್ಷಣಗಳೂ ಬೇರೆಯಾಗುತ್ತವೆ. ಈ ಅಂತರದಿಂದ ಸೂರ್ಯನ ದೂರವನ್ನು ಲೆಕ್ಕ ಹಾಕಬಹುದೆಂದು ಎಡ್ಮಂಡ್ ಹ್ಯಾಲಿ ೧೭೧೬ರಲ್ಲಿ ಸೂಚಿಸಿದ್ದನು. ಇಂದು ಸುಮಾರು ೧೫ ಕೋಟಿ ಕಿಲೋಮೀಟರ್ ಎಂದು ನಾವು ಹೇಳುವ ಆ ದೂರ ಹತ್ತೊಂಬತ್ತನೆಯ ಶತಮಾನದ ಖಗೋಳ ವಿಜ್ಞಾನಕ್ಕೆ ಮೂಲಭೂತ ಅಳತೆಗೋಲಾಗಿತ್ತು.

ಈ ಕಾರಣದಿಂದ ವೀಕ್ಷಕನ ದೂರದರ್ಶಕದಷ್ಟೇ ಅವನ ಗಡಿಯಾರವೂ, ಅವನು ನಿಂತ ಸ್ಥಳದ ರೇಖಾಂಶವೂ ಮುಖ್ಯ. ವಿಶಾಖಪಟ್ಟಣವು ಮದ್ರಾಸಿಗಿಂತ ಸುಮಾರು ಮೂರು ಅಂಶ ಪೂರ್ವಕ್ಕಿರುವುದರಿಂದ ಎರಡರ ಸ್ಥಳೀಯ ಸಮಯಗಳಲ್ಲಿ ಸುಮಾರು ೧೨ ನಿಮಿಷಗಳ ಅಂತರವಿದೆ. ಈ ಅಂತರವನ್ನು ಸೆಕೆಂಡಿನ ಮಟ್ಟದವರೆಗೆ ಅರಿಯದ ವೀಕ್ಷಕನ ಅಂಕಿಗಳಿಗೆ ಲೆಕ್ಕದಲ್ಲಿ ಸ್ಥಾನವಿಲ್ಲ. ಆದುದರಿಂದ ಸಂಕ್ರಮಣದ ಒಂದು ದಿನದ ವೀಕ್ಷಣೆಯ ಹಿಂದೆ, ನಕ್ಷತ್ರಗಳನ್ನು ನೋಡಿ ಗಡಿಯಾರವನ್ನು ತಿದ್ದಿಕೊಂಡ ಅನೇಕ ರಾತ್ರಿಗಳ ಶ್ರಮವಿರುತ್ತದೆ.

೧೮೭೪ರ ಸಂಕ್ರಮಣ ಭಾರತದಲ್ಲಿ ಸೂರ್ಯೋದಯದ ನಂತರ ಆರಂಭವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ನಾಲ್ಕೂವರೆ ಗಂಟೆಗೂ ಮೀರಿದ ಅದರ ಎಲ್ಲ ಹಂತಗಳೂ ಇಲ್ಲಿ ಕಾಣುವಂತಿದ್ದವು. ಅದರ ಜೋಡಿಯಾದ ೧೮೮೨ರ ಸಂಕ್ರಮಣ ನಡೆಯುವಾಗ ಇಲ್ಲಿ ರಾತ್ರಿ. ಹೀಗಾಗಿ ಆ ಶತಮಾನದಲ್ಲಿ ಭಾರತದ ವೀಕ್ಷಕರಿಗೆ ದೊರೆತ ಅವಕಾಶ ಅದೊಂದೇ. ಸರ್ಕಾರದ ಪರವಾಗಿ ಕರ್ನಲ್ ಟೆನೆಂಟ್ ರೂರ್ಕಿಯಲ್ಲಿಯೂ, ಇಟಲಿಯಿಂದ ಬಂದ ತಾಕೀನಿಯವರ ತಂಡ ಬಂಗಾಳ ಪ್ರಾಂತದಲ್ಲಿಯೂ ಬೀಡುಬಿಟ್ಟಿದ್ದವು. ವಿಶಾಖಪಟ್ಟಣದಲ್ಲಿ ಮಾತ್ರ ಯಾವ ತಂಡವೂ ಬರಬೇಕಾಗಿರಲಿಲ್ಲ. ಅಲ್ಲಿ ವೀಕ್ಷಕನೂ ಉಪಕರಣವೂ ಊರಿನವೇ ಆಗಿದ್ದವು.

೩. ಕೃಷ್ಣೆಯ ಹಾದಿಯ ಗ್ರಹಣ

ನರಸಿಂಗರಾವ್ ಅವರ ವೈಶಿಷ್ಟ್ಯವನ್ನು ಗ್ರಹಿಸಲು ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ನೆನೆಯಬೇಕು. ಅಂದು ಚಂದ್ರನ ನೆರಳು ವಿಶಾಖಪಟ್ಟಣದಿಂದ ದಕ್ಷಿಣಕ್ಕೆ, ಬಹುಮಟ್ಟಿಗೆ ಕೃಷ್ಣಾನದಿಯ ಸೀಮೆಯನ್ನೇ ಅನುಸರಿಸಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿತು. ಕನ್ನಡನಾಡಿನ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕದೊಡನೆ ಕಾದಿದ್ದರು. ಅದೇ ನೆರಳು ಮುಂದೆ ಇಂದಿನ ವಿಜಯವಾಡದ, ಅಂದಿನ ಬೆಜವಾಡದ ಪ್ರದೇಶವನ್ನು ಆವರಿಸಿತು. ಅದರ ನೆರೆಯ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಟೆನೆಂಟ್, ಕಡಲತೀರದ ಮಚಲೀಪಟ್ಟಣದಲ್ಲಿ ಮದ್ರಾಸು ವೇಧಶಾಲೆಯ ಪಾಗ್ಸನ್ ವೀಕ್ಷಣೆ ನಡೆಸಿದರು. ಸೂರ್ಯನ ಅಂಚಿನ ಜ್ವಾಲೆಗಳು ಅನಿಲಮಯವೆಂಬುದು ಅಂದು ಸ್ಥಿರಪಟ್ಟಿತು. ಆ ಜ್ವಾಲೆಗಳನ್ನು ಗ್ರಹಣವಿಲ್ಲದೆಯೂ ರೋಹಿತದರ್ಶಕದಲ್ಲಿ ನೋಡಬಹುದೆಂಬುದನ್ನು ಜಾನ್ಸೆನ್ ಮರುದಿನ ಗುಂಟೂರಿನಲ್ಲಿಯೇ ಸಾಧಿಸಿ ತೋರಿಸಿದರು. ಆಗ ಕಂಡ ಹಳದಿ ರೇಖೆಯ ವಿಚಾರಣೆಯೇ ಮುಂದೆ ಹೀಲಿಯಂ ಎಂಬ ಧಾತುವಿನ ಶೋಧಕ್ಕೆ ದಾರಿಯಾಯಿತು.

ಆದರೆ ಈ ತಂಡಗಳೆಲ್ಲ ಗ್ರಹಣ ಮುಗಿದೊಡನೆ ಡೇರೆ ಕಿತ್ತು ಹೊರಟವು. ಶೋಧ ನಡೆದ ಊರುಗಳಲ್ಲಿ ಆ ವಿದ್ಯೆಯ ಸುಳಿವು ಉಳಿಯಲಿಲ್ಲ. ಇದಕ್ಕೆ ಪ್ರತಿಯಾಗಿ ವಿಶಾಖಪಟ್ಟಣದ ವೇಧಶಾಲೆ ವರ್ಷವಿಡೀ ಒಂದೇ ನೆಲದಲ್ಲಿ ನಿಂತು ಕೆಲಸ ಮಾಡುತ್ತಿದ್ದ ಸಂಸ್ಥೆ. ಅದರ ಬೆಲೆ ಇರುವುದು ಈ ನಿರಂತರತೆಯಲ್ಲಿ.

೪. 'ಶುಕ್ರಗ್ರಸ್ತ ಸೂರ್ಯಗ್ರಹಣ'

೧೮೬೮ರ ಗ್ರಹಣವನ್ನು ನೋಡಲು ವನಪರ್ತಿಗೆ ತೆರಳಿದ್ದ ತಂಡದ ನಾಯಕತ್ವ ವಹಿಸಿದ್ದವರು ಮದ್ರಾಸು ವೇಧಶಾಲೆಯ ದೇಶೀಯ ಸಹಾಯಕ ಚಿಂತಾಮಣಿ ರಘುನಾಥಾಚಾರ್ಯರು. ಅದರ ಹಿಂದಿನ ವರ್ಷವೇ ಅವರು 'ಆರ್ ರೆಟಿಕ್ಯುಲಿ' ಎಂಬ ನಕ್ಷತ್ರದ ಕಾಂತಿ ಏರಿಳಿಯುವುದನ್ನು ಕಂಡುಹಿಡಿದಿದ್ದರು. ಸಿದ್ಧಾಂತ ಜ್ಯೋತಿಷವನ್ನೂ ಪಾಶ್ಚಾತ್ಯ ಖಗೋಳ ವಿಜ್ಞಾನವನ್ನೂ ಬಲ್ಲವರಾಗಿದ್ದ ಅವರು, ಪಂಚಾಂಗದ ಗಣಿತ ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದಬೇಕೆಂಬ ದೃಗ್ಗಣಿತ ಪಕ್ಷದವರು. ಶುಕ್ರ ಸಂಕ್ರಮಣ ಸಮೀಪಿಸಿದಾಗ ಅದರ ಸ್ವರೂಪವನ್ನು ಜನರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಇಂಗ್ಲಿಷಿನಲ್ಲಿಯೂ ಹಲವು ದೇಶಭಾಷೆಗಳಲ್ಲಿಯೂ ಹೊರಬಂದಿತು. ಅದರ ಕನ್ನಡ ರೂಪದ ಹೆಸರು 'ಶುಕ್ರಗ್ರಸ್ತ ಸೂರ್ಯಗ್ರಹಣ'. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಬಿ.ಎಸ್. ಶೈಲಜಾ ಅವರ ಅಧ್ಯಯನದಿಂದ ಈ ಕೃತಿ ವಿದ್ವಾಂಸರ ಗಮನಕ್ಕೆ ಬಂದಿದೆ.

ಮದ್ರಾಸಿನಲ್ಲಿ ಕನ್ನಡ ಪುಸ್ತಿಕೆ ಹೊರಟದ್ದು ಆಕಸ್ಮಿಕವಲ್ಲ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ಕನ್ನಡ ಆ ಪ್ರಾಂತದ ಭಾಷೆಗಳಲ್ಲಿ ಒಂದು. ರೀವ್ ಅವರ ನಿಘಂಟು ಅಚ್ಚಾದದ್ದೂ ಮದ್ರಾಸಿನಲ್ಲಿಯೇ.

ಪುಸ್ತಿಕೆಯ ಹೆಸರನ್ನೇ ಪರಿಶೀಲಿಸುವುದು ಉಪಯುಕ್ತ. 'ಗ್ರಸ್ತ' ಎಂದರೆ ನುಂಗಲ್ಪಟ್ಟ. ಶುಕ್ರನಿಂದ ನುಂಗಲ್ಪಟ್ಟ ಸೂರ್ಯನ ಗ್ರಹಣವೆಂಬುದು ಇದರ ಅರ್ಥ. ವಾಸ್ತವವಾಗಿ ಶುಕ್ರಬಿಂಬದ ವ್ಯಾಸ ಆ ವೇಳೆಯಲ್ಲಿ ಸೂರ್ಯಬಿಂಬದ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಮರೆಯಾಗುವ ಭಾಗ ಸಾವಿರದಲ್ಲಿ ಒಂದರಷ್ಟು. ನುಂಗುವ ಮಾತು ಇಲ್ಲಿ ಅಳತೆಗೆ ಹೊಂದುವುದಿಲ್ಲ. ಆದರೂ ಆ ಪದ ಓದುಗನಿಗೆ ಪರಿಚಿತವಾದ ಒಂದು ಚೌಕಟ್ಟನ್ನು ಒದಗಿಸುತ್ತದೆ. ಗ್ರಹಣದಲ್ಲಿ ಒಂದು ಕಾಯ ಇನ್ನೊಂದನ್ನು ಮರೆಮಾಡುತ್ತದೆ, ಅದಕ್ಕೆ ಸ್ಪರ್ಶ, ಮಧ್ಯ, ಮೋಕ್ಷಗಳೆಂಬ ಕಾಲಗಳಿವೆ, ಅವನ್ನು ಗಣಿತದಿಂದ ಮೊದಲೇ ತಿಳಿಯಬಹುದು ಎಂಬುದು ಪಂಚಾಂಗ ಬಲ್ಲ ಯಾರಿಗೂ ಹೊಸದಲ್ಲ. ನೆರೆಯ ಒರಿಸ್ಸಾದ ಖಂಡಪಡಾದಲ್ಲಿ ದೂರದರ್ಶಕದ ನೆರವಿಲ್ಲದೆ ಸಾಧನೆ ನಡೆಸಿದ ಸಾಮಂತ ಚಂದ್ರಶೇಖರರೂ ತಮ್ಮ 'ಸಿದ್ಧಾಂತದರ್ಪಣ'ದಲ್ಲಿ ಇದೇ ಘಟನೆಯನ್ನು ಶುಕ್ರಕೃತ ಸೂರ್ಯಗ್ರಹಣವೆಂದು ಕರೆದು, ಶುಕ್ರಬಿಂಬ ಸೂರ್ಯಬಿಂಬದ ಮೂವತ್ತೆರಡನೆಯ ಒಂದು ಪಾಲೆಂದು ಹೇಳಿದ್ದಾರೆ. ಹೊಸ ಘಟನೆಯನ್ನು ಹಳೆಯ ಪರಿಭಾಷೆಯ ಒಳಗೆ ತಂದು ಕೂರಿಸುವ ಪ್ರಯತ್ನ ಎರಡೂ ಕಡೆ ನಡೆದಿತ್ತು.

೨೦೦೪ರ ಜೂನ್ ೮ ಮತ್ತು ೨೦೧೨ರ ಜೂನ್ ೬ರ ಘಟನೆಗಳ ವೇಳೆಗೆ ಕನ್ನಡದಲ್ಲಿ 'ಶುಕ್ರ ಸಂಕ್ರಮಣ' ಎಂಬ ಪದ ಬಳಕೆಗೆ ಬಂದಿತು. ದಾಟಿಹೋಗುವ ಅರ್ಥವನ್ನು ಇದು ನೇರವಾಗಿ ಕೊಡುತ್ತದೆ. ಆದರೆ ಮಕರ ಸಂಕ್ರಮಣದ ನೆನಪನ್ನೂ ಎಳೆದು ತರುತ್ತದೆ. ಅಳತೆಯ ವಿಷಯದಲ್ಲಿ ಹಳೆಯ ಪದ ತಪ್ಪಬಹುದು. ಕಾರಣವನ್ನು ಹೇಳುವುದರಲ್ಲಿ ಅದೇ ಹೆಚ್ಚು ಸ್ಪಷ್ಟ. ಈ ತೌಲನಿಕ ವಿಚಾರ ಕನ್ನಡ ವಿಜ್ಞಾನ ಪರಿಭಾಷೆಯ ಚರಿತ್ರೆಯಲ್ಲಿ ಸೇರಬೇಕಾದದ್ದು.

೫. ಉಳಿದದ್ದು, ಅಳಿದದ್ದು

ರಘುನಾಥಾಚಾರ್ಯರು ೧೮೮೦ರಲ್ಲಿ ನಿಧನರಾದರು. ದೇಶೀಯರಿಗೆ ಆಧುನಿಕ ಖಗೋಳ ವಿದ್ಯೆಯನ್ನು ಕಲಿಸುವ ವೇಧಶಾಲೆಯೊಂದು ಬೇಕೆಂದು ಅವರು ೧೮೭೪ರಲ್ಲಿ ಸಾರ್ವಜನಿಕವಾಗಿ ಕೋರಿದ್ದರು, ಅದು ಕೈಗೂಡಲಿಲ್ಲ. ಅವರು ಬಯಸಿದಂತಹ ಉಪಕರಣಗಳು ಆ ವೇಳೆಗಾಗಲೇ ವಿಶಾಖಪಟ್ಟಣದಲ್ಲಿದ್ದವು. ಆದರೆ ಅದು ಒಂದು ಮನೆತನದ ವೇಧಶಾಲೆ. ಭಾಷೆ ಮತ್ತು ಬೋಧನೆಯ ಹಂಬಲ ಮದ್ರಾಸಿನ ಸಂಬಳದ ನೌಕರನಲ್ಲಿತ್ತು, ಸಾಧನ ಮತ್ತು ಸಂಪತ್ತು ವಿಶಾಖಪಟ್ಟಣದ ಜಮೀನುದಾರನಲ್ಲಿದ್ದವು. ಇವೆರಡೂ ಒಂದೆಡೆ ಕೂಡದೆ ಹೋದದ್ದೇ ಈ ಚರಿತ್ರೆಯ ನಷ್ಟ.

೧೮೯೨ರಲ್ಲಿ ನರಸಿಂಗರಾವ್ ತೀರಿಕೊಂಡರು. ಪತ್ನಿ ಅಚ್ಚಯ್ಯಮ್ಮನವರು ವೇಧಶಾಲೆ ನಿಲ್ಲಬಾರದೆಂದು ಅದನ್ನು ೧೮೯೪ರಲ್ಲಿ ಮದ್ರಾಸು ಸರ್ಕಾರಕ್ಕೆ ಒಪ್ಪಿಸಿದರು. ತಂದೆ ಕಟ್ಟಿದ, ಗಂಡ ಬೆಳೆಸಿದ ಸಂಸ್ಥೆಯನ್ನು ಸಾರ್ವಜನಿಕ ಸ್ವತ್ತಾಗಿಸಿದ ಈ ಮಹಿಳೆಯ ಹೆಸರು ವಿಜ್ಞಾನದ ಚರಿತ್ರೆಗಳಲ್ಲಿ ವಿರಳವಾಗಿ ಕಾಣುತ್ತದೆ. ಮಗ ಜಗ್ಗರಾವ್ ೧೯೨೧ರಲ್ಲಿ ನಿಧನರಾದ ಮೇಲೆ ವೇಧಶಾಲೆಗೆ ಹಿಂದಿನ ಚೈತನ್ಯ ಮರಳಲಿಲ್ಲ. ಆಂಧ್ರ ವಿಶ್ವವಿದ್ಯಾನಿಲಯ ಬೆಜವಾಡದಲ್ಲಿ ಆರಂಭವಾದದ್ದು ೧೯೨೬ರಲ್ಲಿ. ಅದು ವಿಶಾಖಪಟ್ಟಣದ ವಾಲ್ಟೇರಿಗೆ ಬಂದದ್ದು ೧೯೩೦ರಲ್ಲಿ. ವೇಧಶಾಲೆಯನ್ನು ಮಡಿಲಿಗೆ ಹಾಕಿಕೊಳ್ಳಬಲ್ಲ ವಿದ್ಯಾಸಂಸ್ಥೆ ಊರಿಗೆ ಬರುವ ವೇಳೆಗೆ ಅದನ್ನು ನಡೆಸುವವರು ಉಳಿದಿರಲಿಲ್ಲ. ಇಂದು ಡಾಬಾ ಗಾರ್ಡನ್ಸ್ ನಗರದ ಜನನಿಬಿಡ ಬಡಾವಣೆಗಳಲ್ಲಿ ಒಂದು.

ಹೊರನಾಡಿನಲ್ಲಿ ಕನ್ನಡ ಸಂಶೋಧನೆ ನಡೆಸುವವರಿಗೆ ಈ ಪ್ರಕರಣದಿಂದ ಎರಡು ಸೂಚನೆಗಳು ದೊರೆಯುತ್ತವೆ. ಕನ್ನಡದ ವಿಜ್ಞಾನ ಗದ್ಯದ ಆಕರಗಳನ್ನು ಮೈಸೂರು, ಮಂಗಳೂರುಗಳಲ್ಲಿ ಮಾತ್ರ ಅರಸಿದರೆ ಸಾಲದು. ಚೆನ್ನೈಯ ಸಂಗ್ರಹಗಳನ್ನೂ, ಮದ್ರಾಸು ವೇಧಶಾಲೆಯ ಕಾಗದಪತ್ರಗಳನ್ನು ಕಾಪಾಡಿರುವ ಬೆಂಗಳೂರಿನ ಖಭೌತ ವಿಜ್ಞಾನ ಸಂಸ್ಥೆಯನ್ನೂ ನೋಡಬೇಕು. ಎರಡನೆಯದಾಗಿ, ಒಂದು ಪುಸ್ತಿಕೆಯ ಕನ್ನಡ, ತೆಲುಗು, ತಮಿಳು ರೂಪಗಳನ್ನು ಎದುರುಬದುರು ಇಟ್ಟು ಓದಿದರೆ, ಒಂದೇ ಸೂರ್ಯನ ಮೇಲಿನ ಒಂದೇ ಬೊಟ್ಟಿಗೆ ಮೂರು ನುಡಿಗಳು ಹೆಸರಿಟ್ಟ ಬಗೆ ತಿಳಿಯುತ್ತದೆ. ಮುಂದಿನ ಶುಕ್ರ ಸಂಕ್ರಮಣ ೨೧೧೭ರ ಡಿಸೆಂಬರಿನಲ್ಲಿ. ಅದನ್ನು ಕನ್ನಡದಲ್ಲಿ ಯಾವ ಹೆಸರಿನಿಂದ ಕರೆಯುವರೋ, ಆಗ ಬರೆಯುವವರ ಮುಂದೆ ೧೮೭೪ರ ಪುಸ್ತಿಕೆ ಇರಬೇಕು.