ನಾಗನಿಗೆ ತನು, ಮಗುವಿಗೆ ಜೀಪು

“ಟೀಚರ್, ನಾಗ ದೇವರಲ್ವಾ? ಮತ್ತೆ ಯಾಕೆ ಕಚ್ಚುವುದು?”

ನಾಲ್ಕನೇ ತರಗತಿಯ ಹುಡುಗನ ಈ ಪ್ರಶ್ನೆಯನ್ನು ನನ್ನ ಮನೆಯಾಕೆ ಒಂದು ಸಂಜೆ ಮನೆಗೆ ಹೊತ್ತು ತಂದಳು. ಆಕೆ ಪ್ರಾಥಮಿಕ ಶಾಲೆಯ ಅಧ್ಯಾಪಿಕೆ, ಇಬ್ಬರು ಮಕ್ಕಳ ತಾಯಿ. ನಾಗರ ಪಂಚಮಿಯಂದು ಬನದಲ್ಲಿ ತನು ಎರೆಯುವವರೆಗೆ ಬಾಯಿಗೆ ತೊಟ್ಟು ನೀರು ಹಾಕುವವಳಲ್ಲ. ನಾನೋ ವಿಜ್ಞಾನದ ಮೇಷ್ಟ್ರು. “ಹಾವು ತಿನ್ನುವುದು ಇಲಿ, ಕಪ್ಪೆ; ಹಾಲು ಅದರ ಆಹಾರವೇ ಅಲ್ಲ ಎನ್ನಬಹುದಿತ್ತಲ್ಲ” ಎಂದೆ. “ಅದನ್ನೂ ಹೇಳಿದೆ. ಅವನು ಕೇಳಿದ್ದು ಅದನ್ನಲ್ಲ” ಎಂದಳು. ಅವಳು ಕೊಟ್ಟ ಉತ್ತರ ಇಷ್ಟೇ: “ನಾವು ದೇವರೆಂದು ಕರೆದದ್ದು ಹಾವಿಗೆ ಗೊತ್ತಿಲ್ಲ ಮಗಾ. ಹೆದರಿದರೆ ಕಚ್ಚುತ್ತದೆ.”

ಪುತ್ತೂರು, ಸುಳ್ಯ, ಕಡಬದ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಮೊದಲು ಸುಳ್ಯಕ್ಕೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಕುಕ್ಕೆ ಸುಬ್ರಹ್ಮಣ್ಯಕ್ಕೆ ಸರ್ಪ ಸಂಸ್ಕಾರ ಮಾಡಿಸಲು ದೂರದೂರುಗಳಿಂದ ಜನ ಬರುತ್ತಾರೆ. ಸತ್ತ ನಾಗರಹಾವಿಗೆ ವಿಧಿಪೂರ್ವಕ ದಹನ ಮಾಡುವ ಊರು ನಮ್ಮದು. ಆದರೆ ಅವಳ ತರಗತಿಯಲ್ಲಿ ನಾಗನ ಮನೆಯ ಮಕ್ಕಳಷ್ಟೇ ಇಲ್ಲ. ಬ್ಯಾರಿ ಮಾತಾಡುವವರು, ಅರೆಭಾಷೆಯವರು, ಕೇರಳದಿಂದ ಬಂದು ರಬ್ಬರ್ ನೆಟ್ಟ ಕ್ರೈಸ್ತರ ಮಕ್ಕಳು, 1964ರ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಅರಣ್ಯ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರ ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಬೆಳಕು ಹರಿಯುವ ಮೊದಲೇ ಟ್ಯಾಪಿಂಗಿಗೆ ಹೋಗುವ ಅಪ್ಪಂದಿರ ಕಾಲಬುಡದಲ್ಲಿ ಸುಳಿಯುವ ಹಾವು ಮಾತ್ರ ಒಂದೇ.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಮುಸ್ಸಂಜೆ, ಅವಳ ವಿದ್ಯಾರ್ಥಿನಿಯೊಬ್ಬಳಿಗೆ ಸೌದೆ ರಾಶಿಯ ಬಳಿ ಕೊಳಕುಮಂಡಲ ಕಚ್ಚಿತು. ಸುದ್ದಿ ತಿಳಿದು ಇವಳು ಓಡಿದಾಗ ಹುಡುಗಿ ಮಂತ್ರ ಹಾಕುವವರ ಅಂಗಳದಲ್ಲಿದ್ದಳು. ಕಾಲು ಬಾತು ಹೊಳೆಯುತ್ತಿತ್ತು. ನಾನಾಗಿದ್ದರೆ ಅಲ್ಲೇ ನಿಂತು ಭಾಷಣ ಮಾಡುತ್ತಿದ್ದೆ, ಹೊತ್ತು ಕಳೆಯುತ್ತಿತ್ತು. ಇವಳು ಹುಡುಗಿಯ ತಾಯಿಯ ಕೈ ಹಿಡಿದು, “ಅಕ್ಕಾ, ಹರಕೆಯನ್ನು ಜೀಪಿನಲ್ಲಿ ಕೂತೂ ಹೇಳಿಕೊಳ್ಳಬಹುದು” ಎಂದಳಂತೆ. ದಾರಿಯುದ್ದಕ್ಕೂ ಆ ತಾಯಿ ಹರಕೆ ಹೇಳಿಕೊಂಡರು. ಆಸ್ಪತ್ರೆಯಲ್ಲಿ ಪ್ರತಿವಿಷ ಕೊಟ್ಟರು. ಹುಡುಗಿ ಉಳಿದಳು.

ಮಂತ್ರಕ್ಕೆ ಹೆಸರು ಬಂದದ್ದಾದರೂ ಹೇಗೆ? ಕಚ್ಚುವ ಹಾವುಗಳಲ್ಲಿ ಕೇರೆ, ನೀರುಹಾವಿನಂಥ ವಿಷವಿಲ್ಲದವೇ ಬಹಳ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಬರೇ ಕಚ್ಚುತ್ತದೆ. ಇವರೆಲ್ಲ ಹೇಗೂ ಬದುಕುವವರೇ. ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ನಿಜವಾಗಿ ವಿಷವೇರಿದವನಿಗೆ ಬೇಕಾದದ್ದು ಕುದುರೆಯ ರಕ್ತದಿಂದ ತಯಾರಿಸುವ ಪ್ರತಿವಿಷ. ನಮ್ಮ ದೇಶದಲ್ಲಿ ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಸಿದ್ಧವಾದದ್ದು. ಘಟ್ಟದ ಬುಡದ ತೋಟಗಳಲ್ಲಿ ಕಾಣುವ ಉಬ್ಬುಮೂಗಿನ ಪುಟ್ಟ ಮಂಡಲದ ಹಾವಿಗೆ ಅದು ನಾಟುವುದಿಲ್ಲ. ಅದು ಕಚ್ಚಿದವರನ್ನು ವೈದ್ಯರ ನಿಗಾದಲ್ಲಿಟ್ಟು ಬೇರೆ ಚಿಕಿತ್ಸೆ ಕೊಡಬೇಕಾಗುತ್ತದೆ.

ಕಟ್ಟುಹಾವಿನದು ಇನ್ನೊಂದು ಮೋಸ. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚಿದರೆ ನೋವೇ ಇರದೆ ಹೋಗಬಹುದು. ಬೆಳಿಗ್ಗೆ ಮಗು ಹೊಟ್ಟೆನೋವು ಎನ್ನುತ್ತದೆ, ರೆಪ್ಪೆ ಬಾಡುತ್ತದೆ. ಹೆತ್ತವರು ಇದನ್ನು ಅಜೀರ್ಣವೆಂದು ಬಗೆದರೆ ಕೆಟ್ಟಿತು. ಸೊಳ್ಳೆಪರದೆಯ ಅಂಚನ್ನು ಚಾಪೆಯಡಿಗೆ ಸಿಕ್ಕಿಸಿ ಮಲಗಿದರೆ ಅರ್ಧ ಭಯ ದೂರ.

ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಂಗಳದಲ್ಲೇ ಸತ್ತವರ ಲೆಕ್ಕ ಆಸ್ಪತ್ರೆಗೆ ಎಲ್ಲಿಂದ ಬರಬೇಕು?

ಈಗ ಪ್ರತಿ ಜೂನ್‌ನಲ್ಲಿ ಅವಳ ತರಗತಿಯಲ್ಲಿ ಒಂದು ಆಟ ನಡೆಯುತ್ತದೆ. ಒಬ್ಬನಿಗೆ ‘ಹಾವು ಕಚ್ಚುತ್ತದೆ’. ಉಳಿದವರು ಅವನನ್ನು ಓಡಲು ಬಿಡದೆ ಮಲಗಿಸಿ, ಬಳೆ, ದಾರ ಬಿಚ್ಚಿ, ಕಾಲಿಗೆ ಅಡಿಕೋಲು ಇಟ್ಟು ಅಲುಗದಂತೆ ಸಡಿಲವಾಗಿ ಕಟ್ಟಬೇಕು. ಬಿಗಿದು ಕಟ್ಟಿದರೆ, ಕೊಯ್ದರೆ, ಚೀಪಿದರೆ ಔಟ್. ಗೋಡೆಯಲ್ಲಿ 108ರ ಕೆಳಗೆ ಊರಿನ ಮೂವರು ಜೀಪಿನವರ ನಂಬರುಗಳಿವೆ.

ಕಳೆದ ಪಂಚಮಿಯಂದು ಬನದಿಂದ ಬಂದವಳು ಅರಸಿನ ಎಲೆಯ ಗಟ್ಟಿಯನ್ನು ಬುತ್ತಿಗೆ ತುಂಬಿಸುತ್ತಿದ್ದಳು. ಯಾರಿಗೆ ಎಂದು ಕೇಳಿದೆ. ಹಿಂದಿನ ದಿನ ಜೀಪಿನವರಲ್ಲೊಬ್ಬರು ನಂಬರು ಬದಲಾಯಿತೆಂದು ಶಾಲೆಗೇ ಬಂದು ಹೇಳಿಹೋಗಿದ್ದರಂತೆ.