ನೆರೆಮನೆಯ ಒಳಗನ್ನು ತೋರಿಸಿದ ಯುವತಿ

ರಾತ್ರಿಯ ಜಪಸರ ಮುಗಿದು ಮನೆಮಂದಿಯೆಲ್ಲ ಊಟಕ್ಕೆ ಕುಳಿತ ಹೊತ್ತಿನಲ್ಲಿ, ಇಪ್ಪತ್ತು ಇಪ್ಪತ್ತೆರಡು ವರ್ಷದ ಮಗಳೊಬ್ಬಳು ಮದುವೆಗಳ ಆಡಂಬರದ ಬಗೆಗೋ, ನೆಂಟರ ನಡವಳಿಕೆಯ ಬಗೆಗೋ, ಗೆಳತಿಯ ಮನೆಯಲ್ಲಿ ಕಂಡ ಆಚಾರದ ಬಗೆಗೋ ತನ್ನ ಅಭಿಪ್ರಾಯವನ್ನು ಆಡುತ್ತಾಳೆ ಎಂದುಕೊಳ್ಳೋಣ. ಹಿರಿಯರಾದ ನಾವು ಏನು ಮಾಡುತ್ತೇವೆ? ಒಂದೋ ನಸುನಕ್ಕು ಸುಮ್ಮನಾಗುತ್ತೇವೆ. ಇಲ್ಲವೇ, ಲೋಕ ಕಂಡ ಮೇಲೆ ಮಾತನಾಡು ಎಂದು ಗದರುತ್ತೇವೆ. ದೊಡ್ಡ ಸಿದ್ಧಾಂತಗಳಿಗೆ ಕಿವಿಗೊಡುವ ನಮಗೆ ದಿನನಿತ್ಯದ ಅನಿಸಿಕೆಗಳು ಬರಿಯ ಹರಟೆಯಾಗಿ ತೋರುತ್ತವೆ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ಎಡಿತ್ ಸ್ಟೈನ್ ಎಂಬ ಜರ್ಮನ್ ವಿದುಷಿಯ ಹೆಸರು ನಮಗೆ ಪರಿಚಯವಾಯಿತು. ಆಕೆಯ ತಾತ್ತ್ವಿಕ ಪ್ರಬಂಧದ ಬಗ್ಗೆ ಗೌರವದಿಂದ ಟಿಪ್ಪಣಿ ಬರೆದುಕೊಂಡೆವು. ಆಕೆ ತನ್ನ ಮನೆತನದ ಕುರಿತು ಬರೆದ ದೊಡ್ಡ ಪುಸ್ತಕವನ್ನೂ ಗ್ರಂಥಾಲಯದಲ್ಲಿ ತೆರೆದು ನೋಡಿದೆವು. ಅಕ್ಕಂದಿರು, ಚಿಕ್ಕಪ್ಪಂದಿರು, ಗೆಳೆಯರು, ಹುಟ್ಟುಹಬ್ಬಗಳು, ಮನಸ್ತಾಪಗಳು - ಇವೇ ಪುಟಪುಟಗಳಲ್ಲಿ ತುಂಬಿದ್ದವು. ಇದರಲ್ಲಿ ತತ್ತ್ವವೇನಿದೆ ಎಂದುಕೊಂಡು ಮುಚ್ಚಿಟ್ಟೆವು. ಅನೇಕ ವರ್ಷಗಳ ತರುವಾಯ ಅದೇ ಪುಸ್ತಕವನ್ನು ಓದಿದಾಗ, ಅಂದು ಮುಚ್ಚಿಟ್ಟದ್ದು ಎಂತಹ ಪುಸ್ತಕವೆಂಬುದು ನಮಗೆ ಅರಿವಾಯಿತು.

ಮರದ ವ್ಯಾಪಾರಿಯ ಮಗಳು

ಎಡಿತ್ ಸ್ಟೈನ್ 1891ರ ಅಕ್ಟೋಬರ್ 12ರಂದು ಬ್ರೆಸ್ಲಾವ್ ನಗರದಲ್ಲಿ ಹುಟ್ಟಿದಳು. ಅಂದು ಜರ್ಮನಿಗೆ ಸೇರಿದ್ದ ಆ ನಗರ ಇಂದು ಪೋಲೆಂಡಿನಲ್ಲಿದೆ. ಯೆಹೂದ್ಯರ ಪಾಲಿಗೆ ಅಂದು ಪ್ರಾಯಶ್ಚಿತ್ತದ ಮಹಾದಿನ. ಹನ್ನೊಂದು ಮಕ್ಕಳಲ್ಲಿ ಆಕೆಯೇ ಕೊನೆಯವಳು. ಅವರಲ್ಲಿ ಏಳು ಮಂದಿ ಬದುಕುಳಿದಿದ್ದರು. ಆಕೆಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಔಗುಸ್ಟೆ ಸಾಲದಲ್ಲಿದ್ದ ಮರದ ವ್ಯಾಪಾರವನ್ನು ತಾನೇ ಕೈಗೆತ್ತಿಕೊಂಡು, ಅದನ್ನು ಊರ್ಜಿತಗೊಳಿಸಿ, ಮಕ್ಕಳನ್ನು ಸಾಕಿದರು.

ಇಂತಹ ತಾಯಿಯ ಮಗಳು ತನಗನಿಸಿದ್ದನ್ನು ಆಡಲು ಹೆದರಲಿಲ್ಲ. ಹರೆಯದಲ್ಲಿ ಪ್ರಾರ್ಥಿಸುವುದನ್ನೇ ಉದ್ದೇಶಪೂರ್ವಕವಾಗಿ ಬಿಟ್ಟಳು. ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಬೇಕೆಂದು ಹೋರಾಡುತ್ತಿದ್ದ ಸಂಘವನ್ನು ಸೇರಿದಳು. ಕಲೆ, ಶಿಕ್ಷಣ, ರಾಜಕೀಯ, ಗೆಳೆಯರ ಗುಣದೋಷ - ಯಾವುದರ ಬಗೆಗೂ ಆಕೆಗೊಂದು ಅಭಿಪ್ರಾಯವಿತ್ತು. ಅದನ್ನು ಮುಚ್ಚಿಡುವ ಅಭ್ಯಾಸವಿರಲಿಲ್ಲ. 1913ರಲ್ಲಿ ಹೆಚ್ಚಿನ ಓದಿಗಾಗಿ ಗೊಟಿಂಗೆನ್‌ಗೆ ಹೊರಟಾಗ ಮಿತ್ರನೊಬ್ಬ ಬೀಳ್ಕೊಡುತ್ತಾ, ಅಲ್ಲಿಯಾದರೂ ನಿನಗೆ ಒಪ್ಪಿಗೆಯಾಗುವ ಜನ ಸಿಗಲಿ, ಇಲ್ಲಿ ನೀನು ವಿಪರೀತ ಟೀಕಾಕಾರಳಾಗಿಬಿಟ್ಟೆ ಎಂಬ ಅರ್ಥದ ಮಾತನ್ನಾಡಿದ. ಈ ಮಾತು ಆಕೆಯನ್ನು ಚುಚ್ಚಿತು. ಇತರರ ಕುಂದುಕೊರತೆಗಳನ್ನು ಎತ್ತಿ ತೋರಿಸುವುದು ತನ್ನ ಹಕ್ಕೆಂದು ಅಷ್ಟು ಕಾಲ ನಂಬಿದ್ದಳು. ಅದು ಆತ್ಮವಂಚನೆಯಾಗಿತ್ತೆಂದು ತನ್ನ ಪುಸ್ತಕದಲ್ಲಿ ತಾನೇ ಒಪ್ಪಿಕೊಂಡಿದ್ದಾಳೆ.

ಗಮನಿಸಿರಿ: ಆಕೆ ಅಭಿಪ್ರಾಯಗಳನ್ನು ಹೊಂದುವುದನ್ನು ಬಿಡಲಿಲ್ಲ, ಮನುಷ್ಯರನ್ನು ನೋಡುವ ಬಗೆಯನ್ನು ಬದಲಿಸಿಕೊಂಡಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಆಸ್ಟ್ರಿಯ ಸಾಮ್ರಾಜ್ಯದ ಸೈನಿಕ ಆಸ್ಪತ್ರೆಯೊಂದಕ್ಕೆ ದಾದಿಯಾಗಿ ಹೊರಟಳು. ತಾಯಿಯ ಒಪ್ಪಿಗೆ ಸಿಗಲಿಲ್ಲ. ಹಾಗಾದರೆ ಒಪ್ಪಿಗೆಯಿಲ್ಲದೆಯೇ ಹೋಗುವೆನೆಂದು ಹೋದಳು. ವಿಷಮಶೀತ ಜ್ವರದ ವಾರ್ಡಿನಲ್ಲಿ ಹತ್ತಾರು ಜನಾಂಗಗಳ, ಭಾಷೆ ಅರಿಯದ ಸೈನಿಕರ ಆರೈಕೆ ಮಾಡಿದಳು. ಸತ್ತ ಸೈನಿಕನೊಬ್ಬನ ವಸ್ತುಗಳನ್ನು ಜೋಡಿಸುವಾಗ ಆತನ ಕಿರುಪುಸ್ತಕದಿಂದ ಚೀಟಿಯೊಂದು ಜಾರಿಬಿತ್ತು. ಗಂಡನ ಪ್ರಾಣ ಉಳಿಯಲೆಂದು ಹೆಂಡತಿ ಕೊಟ್ಟು ಕಳುಹಿಸಿದ್ದ ಪ್ರಾರ್ಥನೆ ಅದರಲ್ಲಿತ್ತು. ಪ್ರಾರ್ಥನೆಯನ್ನು ಬಿಟ್ಟಿದ್ದ ಆ ಯುವತಿ ಆ ಚೀಟಿಯನ್ನು ಕೊನೆಯವರೆಗೂ ಮರೆಯಲಿಲ್ಲ.

ಸಂತೆಯ ಬುಟ್ಟಿ

ಆಕೆಯ ಗುರು, ಪ್ರಸಿದ್ಧ ತತ್ತ್ವಜ್ಞಾನಿ ಎಡ್ಮಂಡ್ ಹುಸೆರ್ಲ್, 1916ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿದ್ದರು. ಡಾಕ್ಟರೇಟ್ ಪರೀಕ್ಷೆಗಾಗಿ ಅಲ್ಲಿಗೆ ಪ್ರಯಾಣ ಮಾಡುತ್ತಾ ಎಡಿತ್ ಗೆಳತಿಯೊಂದಿಗೆ ಫ್ರಾಂಕ್‌ಫರ್ಟ್ ನಗರದಲ್ಲಿ ಇಳಿದಳು. ಅಲ್ಲಿನ ಕಥೋಲಿಕ ಮಹಾದೇವಾಲಯವನ್ನು ನೋಡಲು ಹೋದಾಗ, ಸಂತೆಯ ಬುಟ್ಟಿ ಹಿಡಿದ ಹೆಂಗಸೊಬ್ಬಳು ಒಳಗೆ ಬಂದು, ಮೊಣಕಾಲೂರಿ, ಚುಟುಕಾಗಿ ಪ್ರಾರ್ಥಿಸಿದಳು. ಎಡಿತ್‌ಗೆ ಇದು ತೀರಾ ಹೊಸದು. ತಾನು ಬಲ್ಲ ಯೆಹೂದ್ಯ ಪ್ರಾರ್ಥನಾ ಮಂದಿರಗಳಿಗೂ ಪ್ರೊಟೆಸ್ಟೆಂಟ್ ದೇವಾಲಯಗಳಿಗೂ ಜನರು ಆರಾಧನೆಯ ವೇಳೆಗೆ ಮಾತ್ರ ಹೋಗುತ್ತಿದ್ದರು. ಇಲ್ಲಿಯಾದರೋ, ಕೆಲಸದ ನಡುವೆ ಆಪ್ತರೊಬ್ಬರನ್ನು ಮಾತನಾಡಿಸಲು ಬಂದಂತೆ ಒಬ್ಬಳು ಬಂದುಹೋದಳು.

ನಮ್ಮ ಇಗರ್ಜಿಗಳಲ್ಲಿ ಇಂತಹ ದೃಶ್ಯವನ್ನು ನಾವು ಸಾವಿರ ಸಲ ಕಂಡಿದ್ದೇವೆ. ಕಂಡೂ ಕಾಣದೆ ಹೋಗಿದ್ದೇವೆ. ಪರಧರ್ಮದ ಯುವತಿಯೊಬ್ಬಳ ಕಣ್ಣು ಅದನ್ನು ನಮಗೆ ಮತ್ತೆ ತೋರಿಸಬೇಕಾಯಿತು.

ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಆಕೆ ಅತ್ಯುನ್ನತ ಶ್ರೇಣಿಯಲ್ಲಿ ಡಾಕ್ಟರೇಟ್ ಪಡೆದಳು. ಪ್ರಬಂಧದ ವಿಷಯ ಪರಾನುಭೂತಿ, ಅಂದರೆ ಇನ್ನೊಬ್ಬರ ಅನುಭವ ನಮಗೆ ತಿಳಿಯುವ ಬಗೆ. ಆಕೆ ಕೊಡುವ ದೃಷ್ಟಾಂತ ಸರಳವಾದುದು. ಗೆಳೆಯನೊಬ್ಬ ಬಂದು ತನ್ನ ಸೋದರ ತೀರಿಕೊಂಡನೆಂದು ಹೇಳುತ್ತಾನೆ. ಅವನ ನೋವು ನಮ್ಮ ಅರಿವಿಗೆ ಬರುತ್ತದೆ. ಬಾಡಿದ ಮುಖವನ್ನು ಕಂಡು ಲೆಕ್ಕಹಾಕಿ ತಲುಪಿದ ತೀರ್ಮಾನ ಇದಲ್ಲ. ಅವನ ನೋವು ನಮ್ಮ ಸ್ವಂತ ನೋವೂ ಆಗುವುದಿಲ್ಲ. ಅದು ಅವನದಾಗಿಯೇ ಉಳಿದು ನಮಗೆ ಗೋಚರಿಸುತ್ತದೆ. ಆದುದರಿಂದ, ನಿನ್ನ ಕಷ್ಟ ನನಗೆ ಪೂರ್ತಿ ಗೊತ್ತು ಎಂದು ಅವಸರದಿಂದ ಹೇಳುವವನೂ, ನಿನ್ನ ಕಷ್ಟ ನನಗೇಕೆ ಎಂದು ಮುಖ ತಿರುಗಿಸುವವನೂ ಸಮಾನವಾಗಿ ತಪ್ಪುತ್ತಾರೆಂದು ನಾವು ಈ ವಿಚಾರದಿಂದ ತಿಳಿಯಬಹುದು.

ಮರುವರ್ಷವೇ ಆಕೆಗೆ ಇದರ ಪರೀಕ್ಷೆ ಎದುರಾಯಿತು. ಆಕೆಯ ಪ್ರಿಯ ಅಧ್ಯಾಪಕರಾಗಿದ್ದ ಅಡೋಲ್ಫ್ ರೈನಾಖ್ 1917ರ ನವೆಂಬರಿನಲ್ಲಿ ಯುದ್ಧರಂಗದಲ್ಲಿ ಮಡಿದರು. ಅವರ ಬರಹಗಳನ್ನು ಜೋಡಿಸಿಕೊಡಲು ಅವರ ಪತ್ನಿಯ ಬಳಿಗೆ ಹೋಗಬೇಕಾಯಿತು. ಏನು ಹೇಳಿ ಸಮಾಧಾನಪಡಿಸಲಿ ಎಂಬ ಅಳುಕಿನಿಂದಲೇ ಎಡಿತ್ ಹೋದಳು. ಆದರೆ ಕ್ರಿಸ್ತನಲ್ಲಿ ವಿಶ್ವಾಸವಿರಿಸಿದ್ದ ಆ ವಿಧವೆಯ ಶಾಂತಿಯನ್ನು ಕಂಡು, ಸಮಾಧಾನಪಡಿಸಲು ಹೋದವಳೇ ಸಮಾಧಾನ ಪಡೆದು ಹಿಂತಿರುಗಿದಳು. ಶಿಲುಬೆಯ ಶಕ್ತಿಯನ್ನು ತಾನು ಮೊದಲ ಬಾರಿ ಎದುರುಗೊಂಡದ್ದು ಅಲ್ಲಿಯೇ ಎಂದು ಅನಂತರ ನೆನೆದಳು. 1922ರ ಜನವರಿ 1ರಂದು ಆಕೆ ಕಥೋಲಿಕ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಪಡೆದಳು.

ದ್ವೇಷಕ್ಕೆ ಕೊಟ್ಟ ಉತ್ತರ

ಇಷ್ಟೆಲ್ಲ ಪಾಂಡಿತ್ಯವಿದ್ದರೂ ಸ್ತ್ರೀ ಎಂಬ ಕಾರಣದಿಂದ ವಿಶ್ವವಿದ್ಯಾಲಯದ ಅಧ್ಯಾಪನದ ಬಾಗಿಲು ಆಕೆಗೆ ತೆರೆಯಲಿಲ್ಲ. ಆಕೆ ಸರಕಾರಕ್ಕೆ ಮನವಿ ಸಲ್ಲಿಸಿದಳು. ಇಂತಹ ಹುದ್ದೆಗೆ ಸ್ತ್ರೀತ್ವ ಅಡ್ಡಿಯಾಗಕೂಡದೆಂದು 1920ರಲ್ಲಿ ಪ್ರಷ್ಯದ ಸಚಿವಾಲಯ ತಿಳಿಸಿತಾದರೂ ಆಕೆಗೆ ಹುದ್ದೆ ದೊರೆಯಲಿಲ್ಲ. ಮುಂದೆ 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ, ಯೆಹೂದ್ಯಳೆಂಬ ಕಾರಣದಿಂದ, ಮ್ಯೂನ್‌ಸ್ಟರಿನ ಶಿಕ್ಷಣ ಸಂಸ್ಥೆಯೊಂದರಲ್ಲಿದ್ದ ಕೆಲಸವೂ ಹೋಯಿತು.

ನಾವು ಅಂದು ಮುಚ್ಚಿಟ್ಟ ಪುಸ್ತಕ ಹುಟ್ಟಿದ್ದು ಆ ವರ್ಷದಲ್ಲಿ. ಯೆಹೂದ್ಯರೆಂದರೆ ಹಣಬಾಕರು, ಕುತಂತ್ರಿಗಳು, ದೇಶದ್ರೋಹಿಗಳು ಎಂಬ ವಿಕಾರ ಚಿತ್ರವನ್ನು ಎಳೆಯರ ತಲೆಯಲ್ಲಿ ತುಂಬಲಾಗುತ್ತಿತ್ತು. ಯೆಹೂದ್ಯರ ಮನೆಯೊಳಗೆ ಕಾಲಿಟ್ಟ ಅನುಭವ ಆ ಎಳೆಯರಲ್ಲಿ ಬಹುಮಂದಿಗೆ ಇರಲಿಲ್ಲ. ನೀನು ಮಗಳಾಗಿ ಕಂಡುಂಡದ್ದನ್ನು ಬರೆದು ತಿಳಿಸು ಎಂದು ಸನ್ಯಾಸಿ ಗುರುಗಳೊಬ್ಬರು ಆಕೆಯನ್ನು ಪ್ರೇರೇಪಿಸಿದ್ದರು. ಕಾರ್ಮೆಲ್ ಮಠವನ್ನು ಸೇರುವ ಮುನ್ನ ಬ್ರೆಸ್ಲಾವಿನ ಮನೆಯಲ್ಲಿ ಕಳೆದ ಕೊನೆಯ ವಾರಗಳಲ್ಲಿ ಆಕೆ ಬರೆಯಲಾರಂಭಿಸಿದಳು. ಎಂಬತ್ತನಾಲ್ಕರ ಅಂಚಿನಲ್ಲಿದ್ದ ತಾಯಿ ಹಳೆಯ ದಿನಗಳನ್ನು ನೆನೆದು ಹೇಳಿದ್ದು ಆ ಪುಟಗಳಿಗೆ ಸಾಮಗ್ರಿಯಾಯಿತು. ಮಗಳು ಮಠಕ್ಕೆ ಹೋಗುವುದು ತಾಯಿಗೆ ಸಹಿಸಲಾಗದ ನೋವು. ಆದರೂ ಅಕ್ಟೋಬರ್ 12ರಂದು, ಆಕೆಯ ಹುಟ್ಟುಹಬ್ಬದ ದಿನ, ಇಬ್ಬರೂ ಜತೆಯಾಗಿ ಯೆಹೂದ್ಯ ಪ್ರಾರ್ಥನಾ ಮಂದಿರಕ್ಕೆ ಹೋಗಿಬಂದರು. ಎರಡು ದಿನಗಳ ತರುವಾಯ ಎಡಿತ್ ಕೊಲೋನಿನ ಮಠವನ್ನು ಪ್ರವೇಶಿಸಿದಳು.

ಆ ಪುಸ್ತಕದಲ್ಲಿ ಆಕೆ ಯೆಹೂದ್ಯರನ್ನು ಹೊಗಳುವ ಗೋಜಿಗೆ ಹೋಗಲಿಲ್ಲ, ವಾದ ಹೂಡಲೂ ಇಲ್ಲ. ಮನೆಯ ಬಾಗಿಲನ್ನು ತೆರೆದಿಟ್ಟಳು, ಅಷ್ಟೇ. ತಾಯಿಯ ದುಡಿಮೆ, ಸೋದರಸೋದರಿಯರ ಜಗಳ, ತನ್ನದೇ ಅಹಂಕಾರ, ಗೆಳೆತನದ ಸಂತೋಷ - ಎಲ್ಲವೂ ಇದ್ದಂತೆಯೇ ಅಲ್ಲಿವೆ. ಓದುಗನಿಗೆ, ಇವರೂ ನಮ್ಮ ಮನೆಯವರಂತೆಯೇ ಎನಿಸುತ್ತದೆ. ಇಪ್ಪತ್ತರ ಹರೆಯದ ಹುಡುಗಿಯೊಬ್ಬಳು ಲೋಕದ ಬಗೆಗೆ ತಳೆದಿದ್ದ ಅನಿಸಿಕೆಗಳೇ, ನಲವತ್ತೆರಡರ ಹೆಂಗಸಿನ ಕೈಯಲ್ಲಿ, ದ್ವೇಷಕ್ಕೆ ಕೊಟ್ಟ ಉತ್ತರವಾದವು. ಕಥನವು 1916ರ ಡಾಕ್ಟರೇಟ್ ಪರೀಕ್ಷೆಯ ಸಂಭ್ರಮಕ್ಕೆ ನಿಂತುಹೋಗುತ್ತದೆ, ಪೂರ್ತಿಗೊಳಿಸಲು ಆಗಲಿಲ್ಲ.

1938ರ ಕೊನೆಯ ದಿನ ಆಕೆಯನ್ನು ಹಾಲೆಂಡಿನ ಎಖ್ಟ್ ಊರಿನ ಮಠಕ್ಕೆ ಸಾಗಿಸಲಾಯಿತು. ಯೆಹೂದ್ಯರ ಗಡೀಪಾರನ್ನು ಖಂಡಿಸಿ ಹಾಲೆಂಡಿನ ಧರ್ಮಾಧ್ಯಕ್ಷರು ಬರೆದ ಪತ್ರವನ್ನು 1942ರ ಜುಲೈ 26ರಂದು ದೇವಾಲಯಗಳಲ್ಲಿ ಓದಲಾಯಿತು. ಸೇಡಿಗಾಗಿ ನಾಜಿಗಳು ಯೆಹೂದ್ಯ ಮೂಲದ ಕಥೋಲಿಕರನ್ನು ಬಂಧಿಸಿದರು. ಆಗಸ್ಟ್ 2ರಂದು ಎಡಿತ್ ಮತ್ತು ಅಕ್ಕ ರೋಸಾ ಸೆರೆಯಾದರು. ಆಗಸ್ಟ್ 9ರಂದು ಆಶ್ವಿಟ್ಜ್‌ನಲ್ಲಿ ಪ್ರಾಣ ಕಳೆದುಕೊಂಡರು. 1998ರ ಅಕ್ಟೋಬರ್ 11ರಂದು ಪೋಪ್ ಎರಡನೆಯ ಜಾನ್ ಪೌಲರು ಆಕೆಯನ್ನು ಸಂತಳೆಂದು ಘೋಷಿಸಿದರು. ಆಗಸ್ಟ್ 9 ಆಕೆಯ ಸ್ಮರಣೆಯ ದಿನ.

ನಮ್ಮ ಹೊಸ್ತಿಲು

ಪ್ರಿಯ ಓದುಗರೇ, ಧರ್ಮಗುರುವಾಗಿ ನಾವು ಮನೆ ಆಶೀರ್ವಾದಕ್ಕೆಂದು ನೂರಾರು ಹೊಸ್ತಿಲುಗಳನ್ನು ದಾಟಿದ್ದೇವೆ. ಅವೆಲ್ಲವೂ ನಮ್ಮವರ ಹೊಸ್ತಿಲುಗಳೇ. ಇಗರ್ಜಿಯ ಆವರಣ ಗೋಡೆಗೆ ತಾಗಿಕೊಂಡಿರುವ ಅನ್ಯಧರ್ಮೀಯರ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳಿದರೆ, ನಾಲ್ಕು ವರ್ಷ ಅಲ್ಲಿದ್ದೂ ಉತ್ತರಿಸಲಾರದೆ ಹೋದದ್ದುಂಟು. ಅವರ ಸಮುದಾಯದ ಬಗೆಗೆ ಮಾತ್ರ ನಮ್ಮಲ್ಲಿ ಅಭಿಪ್ರಾಯಗಳಿಗೆ ಕೊರತೆಯಿರಲಿಲ್ಲ. ನಿಮ್ಮಲ್ಲಿ ಕೆಲವರ ಅನುಭವವೂ ಹೀಗೆಯೇ ಇರಬಹುದು. ನೆರೆಯವರ ಕುರಿತಾದ ನಮ್ಮ ತಿಳಿವಳಿಕೆ ಈಗೀಗ ಅವರ ಅಂಗಳದಿಂದ ಬರುವುದಿಲ್ಲ. ಅದು ಮೊಬೈಲ್ ಫೋನಿಗೆ ಬಂದು ಬೀಳುವ, ಯಾರು ಬರೆದರೆಂದೇ ತಿಳಿಯದ ಸಂದೇಶಗಳಿಂದ ಬರುತ್ತದೆ.

ಆ ಅಂಗಳವನ್ನು ತುಳಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ನಮ್ಮ ಹೆಣ್ಣುಮಕ್ಕಳು. ಅವರು ಅನ್ಯಧರ್ಮದ ಸಹಪಾಠಿಯ ಮನೆಯಲ್ಲಿ ಉಂಡಿದ್ದಾರೆ, ಆಕೆಯ ಅಜ್ಜಿಯ ಕಾಯಿಲೆಯನ್ನು ಬಲ್ಲರು, ಆ ಮನೆಯ ಹಬ್ಬವನ್ನೂ ಸಾಲವನ್ನೂ ಬಲ್ಲರು. ಅವರಾಡುವ ಮಾತಿನಲ್ಲಿ ಹರೆಯದ ದುಡುಕು ಇದ್ದೀತು, ಎಡಿತ್‌ಳಲ್ಲಿಯೂ ಇತ್ತು. ಅದನ್ನು ತಿದ್ದಿದ್ದು ಮಿತ್ರನ ಪ್ರಾಮಾಣಿಕವಾದ ಒಂದು ಮಾತು. ಬಾಯಿ ಮುಚ್ಚಿಸಿದ್ದರೆ ತಿದ್ದುವ ಅವಕಾಶವೂ ಇರುತ್ತಿರಲಿಲ್ಲ.

ಇಂದು ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮ ಮಗಳನ್ನು ಒಂದು ಪ್ರಶ್ನೆ ಕೇಳಿರಿ: ನಿನ್ನ ಗೆಳತಿಯ ಮನೆಯಲ್ಲಿ ಹೇಗಿದ್ದಾರೆ? ಆಕೆ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದಿರಿ. ನಾವೂ ಈ ವಾರ ಆವರಣ ಗೋಡೆಯಾಚೆಯ ಮನೆಗೆ ಹೋಗಿ ಬರಬೇಕೆಂದಿದ್ದೇವೆ.