ಕಾರ್ನ್‌ಫ್ಲೋರ್ ಇಲ್ಲದೆ ಗಟ್ಟಿ ಸೂಪ್

ಧಾನ್ಯ ಬಿಟ್ಟಿದ್ದೀರಾ? ಹಾಗಾದ್ರೆ ಸೂಪಿಗೆ ಕಾರ್ನ್‌ಫ್ಲೋರ್ ಕೂಡ ಬೇಡ, ಮೆಕ್ಕೆಜೋಳವೂ ಧಾನ್ಯವೇ. ಗಟ್ಟಿಯಾಗೋಕೆ ಸಿಹಿಗುಂಬಳ ಸಾಕು.

ಬಿಸಿ ತುಪ್ಪಕ್ಕೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಹಾಕಿ. ಈರುಳ್ಳಿಯ ಅಂಚು ಕೆಂಪಗಾಗೋವರೆಗೂ ಸಣ್ಣ ಉರಿಯಲ್ಲೇ ಬಾಡಿಸಿ. ಅವಸರ ಮಾಡಬೇಡಿ, ರುಚಿ ಹುಟ್ಟೋದೇ ಇಲ್ಲಿ. ಆಮೇಲೆ 2 ಕಪ್ ಸಿಹಿಗುಂಬಳ, 1 ಕ್ಯಾರೆಟ್, 1 ಟೊಮೆಟೊ, 3 ಕಪ್ ನೀರು, ಉಪ್ಪು. ಕುಕ್ಕರ್‌ನಲ್ಲಿ 2 ವಿಷಲ್.

ತಣಿದ ಮೇಲೆ ನುಣ್ಣಗೆ ರುಬ್ಬಿ. ದಯವಿಟ್ಟು ಸೋಸಬೇಡಿ, ನಾರಿನಂಶ ಜರಡಿಯಲ್ಲೇ ಉಳಿದುಬಿಡುತ್ತೆ. ಒಂದು ಹಿಡಿ ನುಗ್ಗೆಸೊಪ್ಪು ಹಾಕಿ 5 ನಿಮಿಷ ಕುದಿಸಿ.

ಇಂಗು ಹಾಕ್ತೀರಾದ್ರೆ ಮೊದಲು ಡಬ್ಬಿಯ ಹಿಂಬದಿ ಓದಿ: ಅಂಗಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತೆ. ಕಾಳುಮೆಣಸಿನ ಪುಡಿ, ನಿಂಬೆರಸ ಒಲೆ ಆರಿಸಿದ ಮೇಲೆ.